ಒಂಬತ್ತು ತಲೆಯ ಹುಡುಗಿ: ಫ್ಯಾಷನ್ ಫಿಗರ್ ಟೆಂಪ್ಲೇಟ್ ಜೊತೆ ಮೂರು ವರ್ಷ

ಹುಬ್ಬಳ್ಳಿಯಲ್ಲಿ ನನ್ನದೊಂದು ಲೇಡೀಸ್ ಟೇಲರಿಂಗ್ ಅಂಗಡಿ ಇದೆ. ಹೊಲಿಗೆ ಹದಿನಾಲ್ಕು ವರ್ಷದಿಂದ ಕೈಗೆ ಹತ್ತಿದೆ, ಚಿತ್ರ ಮಾತ್ರ ಬರುತ್ತಿರಲಿಲ್ಲ. ಮೊದಲೆಲ್ಲ ಗಿರಾಕಿಗಳು ಅಳತೆ ಬ್ಲೌಸ್ ಕೊಟ್ಟು 'ಬೆನ್ನು ಸ್ವಲ್ಪ ಡೀಪ್ ಇಡ್ರಿ' ಅಂದರೆ ಮುಗೀತು. ಈಗ ಮೊಬೈಲಿನಲ್ಲಿ ನಾಲ್ಕು ಫೋಟೊ ತೋರಿಸುತ್ತಾರೆ. ಇದರ ತೋಳು, ಅದರ ನೆಕ್ಕು, ಮತ್ತೊಂದರ ಘೇರು. ನಾಲ್ಕನ್ನೂ ಕೂಡಿಸಿದರೆ ಹೇಗೆ ಕಾಣುತ್ತದೆ ಅನ್ನುವುದನ್ನು ಬಟ್ಟೆಗೆ ಕತ್ತರಿ ಹಾಕುವ ಮೊದಲೇ ತೋರಿಸಬೇಕು. ಅದಕ್ಕೇ ಮೂರು ವರ್ಷದ ಹಿಂದೆ ಆನ್‌ಲೈನಿನಲ್ಲಿ 349 ರೂಪಾಯಿಗೆ ಈ ಟೆಂಪ್ಲೇಟ್ ತರಿಸಿದೆ.

ವಸ್ತು ಇಷ್ಟೇ: ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ಅದರಲ್ಲಿ ಹೆಣ್ಣಿನ ಆಕೃತಿಯ ಗೆರೆಗಳನ್ನು ಸೀಳಿನಂತೆ ಕೊರೆದಿದ್ದಾರೆ. ಒಂದು ನೇರ ನಿಂತದ್ದು, ಒಂದು ರ್‍ಯಾಂಪಿನ ಮೇಲೆ ನಡೆದು ಬರುವ ಭಂಗಿ, ಇನ್ನೊಂದು ಹಿಂದಿನಿಂದ. ಪಕ್ಕದಲ್ಲಿ ತಲೆಯ ಲೆಕ್ಕದ ಗೆರೆಗಳನ್ನು ಅಚ್ಚು ಹಾಕಿದ್ದಾರೆ. ಈ ವಿದ್ಯೆಯಲ್ಲಿ ಎಲ್ಲವನ್ನೂ ಅಳೆಯುವುದು ತಲೆಯಿಂದಲೇ, ಅಂದರೆ ನೆತ್ತಿಯಿಂದ ಗದ್ದದವರೆಗಿನ ಉದ್ದದಿಂದ. ಸಾಮಾನ್ಯ ಮನುಷ್ಯರ ಎತ್ತರ ಏಳು, ಹೆಚ್ಚೆಂದರೆ ಏಳೂವರೆ ತಲೆ. ಫ್ಯಾಷನ್ ಚಿತ್ರದ ಹುಡುಗಿ ಒಂಬತ್ತು ತಲೆ, ಕೆಲವರ ಕೈಯಲ್ಲಿ ಹತ್ತು. ಹೆಚ್ಚಿನ ಉದ್ದವನ್ನೆಲ್ಲ ಬಹುಪಾಲು ಕಾಲಿಗೇ ಕೊಡುತ್ತಾರೆ. ಮೂರನೇ ತಲೆಗೆ ಸೊಂಟ ಬಂದುಬಿಡುತ್ತದೆ, ಕೆಳಗಿನ ಆರೂ ತಲೆ ಬರೀ ಬಟ್ಟೆ ತೋರಿಸಲಿಕ್ಕೆ.

ಮೊದಲ ತಿಂಗಳು ಖುಷಿಯೋ ಖುಷಿ. ಹತ್ತು ನಿಮಿಷದಲ್ಲಿ ಒಂದು ಸ್ಕೆಚ್. ಗಿರಾಕಿ ಕೂತಲ್ಲೇ ತೋಳು ಬದಲಿಸಿ ತೋರಿಸಬಹುದು. ಎರಡು ಸಣ್ಣ ತೊಂದರೆ ಇದ್ದವು, ಎರಡಕ್ಕೂ ದಾರಿ ಸಿಕ್ಕಿತು. ಮರದ ಪೆನ್ಸಿಲ್ಲಿನ ಇಳಿಜಾರು ಮೈ ಸೀಳಿಗೆ ತಾಗಿ ಗೆರೆ ಒಳಕ್ಕೆ ಜರುಗುತ್ತದೆ. ಎರಡೂ ಬದಿಗೆ ಒಂದೊಂದು ಮಿಲಿಮೀಟರ್ ಹೋದರೆ ಈ ಅಳತೆಯ ಚಿತ್ರದಲ್ಲಿ ಸೊಂಟವೇ ಇರುವುದಿಲ್ಲ. 0.5ರ ಲೀಡ್ ಪೆನ್ಸಿಲ್ ಹಿಡಿದೆ, ಸರಿಹೋಯಿತು. ಇಂಕ್ ಪೆನ್ ಆಡಿಸಿದರೆ ಮಸಿ ಪ್ಲಾಸ್ಟಿಕ್ಕಿನ ಅಡಿಗೆ ಹರಿದು ಚಿತ್ರ ಹೊಲಸಾಗುತ್ತಿತ್ತು. ಅಡಿಯಲ್ಲಿ ಅಲ್ಲಲ್ಲಿ ಪೇಪರ್ ಟೇಪಿನ ತುಂಡು ಅಂಟಿಸಿ ಹಾಳೆಯಿಂದ ಕೂದಲೆಳೆಯಷ್ಟು ಎತ್ತರಿಸಿದ ಮೇಲೆ ಅದೂ ನಿಂತಿತು.

ಬಾಳಿಕೆ ವಿಷಯ: ಏಳನೇ ತಿಂಗಳಿಗೆ ನಡೆಯುವ ಹುಡುಗಿಯ ಪಾದ ಹಿಮ್ಮಡದ ಹತ್ತಿರ ಮುರಿಯಿತು. ಸೆಲ್ಲೋಟೇಪ್ ಮೇಲೆ ಬದುಕಿದ್ದಾಳೆ. ತಲೆಯ ಗೆರೆಗಳ ಅಚ್ಚು ಒರೆಸಿ ಒರೆಸಿ ಎರಡನೇ ವರ್ಷದಲ್ಲಿ ಅಳಿಸಿಹೋಯಿತು, ದಬ್ಬಣದಿಂದ ಗೀರಿ ಹಾಕಿಕೊಂಡೆ. ಅಚ್ಚು ಹಾಕುವ ಬದಲು ಕೊರೆದೇ ಕೊಟ್ಟಿದ್ದರೆ ಏನು ಗಂಟು ಹೋಗುತ್ತಿತ್ತೋ.

ಇನ್ನು ನನ್ನ ಕೈಗೆ ಬಿದ್ದ ಪೆಟ್ಟಿನ ಕಥೆ. ಮದುವೆ ಹುಡುಗಿಯೊಬ್ಬಳಿಗೆ ಲೆಹೆಂಗಾ, ಗುಳೇದಗುಡ್ಡ ಖಣದ ಮೂರು ಸಾಲು ಪಟ್ಟಿ. ಟೆಂಪ್ಲೇಟಿನ ಮೇಲೆ ಬರೆದೆ, ಒಂದೊಂದು ಪಟ್ಟಿಗೆ ಅರ್ಧ ತಲೆ ಅಗಲ. ಹಾಳೆಯ ಮೇಲೆ ಅಷ್ಟು ಚೆಂದ ಕಂಡಿತೆಂದರೆ ಹುಡುಗಿಯ ತಾಯಿ ಅಲ್ಲೇ ಅಡ್ವಾನ್ಸ್ ಕೊಟ್ಟರು. ಹೊಲಿದು ಟ್ರಯಲ್ ಹಾಕಿಸಿದಾಗ ನೋಡಿದರೆ ಪಟ್ಟಿಯ ಮೇಲೆ ಪಟ್ಟಿ ಹತ್ತಿ ಕುಳಿತಂತಿದೆ, ನಡುವೆ ಉಸಿರಾಡಲು ಜಾಗವಿಲ್ಲ.

'ಅಕ್ಕಾ, ಚಿತ್ರದಾಗ ಇದ್ದಾಕಿ ಯಾರ್ರೀ? ನಾ ಅಂತೂ ಅಲ್ಲ' ಅಂದಳು ಆ ಹುಡುಗಿ. ನಗುತ್ತಲೇ ಅಂದಳು, ನನಗೆ ಚುಚ್ಚಿತು.

ರಾತ್ರಿ ಟೇಪು ಹಿಡಿದು ಲೆಕ್ಕ ಹಾಕಿದೆ. ಆಕೆಯ ಎತ್ತರ ಐದು ಅಡಿ, ಅಂದರೆ ತಲೆ ಸುಮಾರು ಎಂಟೂವರೆ ಇಂಚು. ಸೊಂಟದಿಂದ ನೆಲಕ್ಕೆ 38 ಇಂಚು, ನಾಲ್ಕೂವರೆ ತಲೆ. ನನ್ನ ಚಿತ್ರದಲ್ಲಿ ಅದೇ ಜಾಗ ಆರು ತಲೆ. ಮೂರು ಪಟ್ಟಿ ಸೇರಿ ಹಾಳೆಯ ಮೇಲೆ ಲಂಗದ ಕಾಲು ಭಾಗ, ಆಕೆಯ ಮೈಮೇಲೆ ಮೂರರಲ್ಲೊಂದು ಭಾಗ. ತಪ್ಪು ಹೊಲಿಗೆಯದಲ್ಲ, ಆಕೆಯದಂತೂ ಅಲ್ಲವೇ ಅಲ್ಲ. ಒಂದು ಪಟ್ಟಿ ಬಿಚ್ಚಿ ಕೊಟ್ಟೆ. ಬಿಚ್ಚಿದ ಖಣಕ್ಕೆ ದುಡ್ಡು ಕೇಳುವ ಮುಖ ನನಗಿರಲಿಲ್ಲ.

ಸೀರೆಗಂತೂ ಈ ಟೆಂಪ್ಲೇಟ್ ಹೇಳಿ ಮಾಡಿಸಿದ್ದಲ್ಲ. ನಡೆಯುವ ಭಂಗಿಯಲ್ಲಿ ಕಾಲು ಕತ್ತರಿಯಂತೆ ಅಡ್ಡ ಬಂದಿರುತ್ತವೆ, ನೆರಿಗೆ ಎಲ್ಲಿಂದ ಇಳಿಯಬೇಕು? ಮೇಲಾಗಿ ಒಮ್ಮೆ ಹಾಳೆ ಮಗುಚಿ ಹಾಕಿ ಬರೆದು, ನನ್ನ ಎಡಗೈ ಕಡೆಗೆ ಸೆರಗು ಹಾಕಿಬಿಟ್ಟೆ. ಎದುರಿಗೆ ನಿಂತವಳ ಎಡ ಹೆಗಲು ನಮ್ಮ ಬಲಕ್ಕಲ್ಲವೇ ಬರುವುದು! ಗಿರಾಕಿಯ ಅತ್ತೆ ಕನ್ನಡಕ ಏರಿಸಿ ನೋಡಿ, 'ಇದೇನ್ರೀ, ಗುಜರಾತ್ಯಾರ ಹಂಗ ಉಡಿಸೀರಲ್ಲ' ಅಂದರು.

ಆಮೇಲೆ ಒಂದು ಆನ್‌ಲೈನ್ ಕೋರ್ಸಿಗೂ ಸೇರಿದೆ. ಯಾವುದೆಂದು ಹೆಸರು ಬೇಡ. ಅಲ್ಲಿ ಇಪ್ಪತ್ತು ಪಾಠದಲ್ಲಿ ಹದಿನೈದು ಕಣ್ಣು, ತುಟಿ, ಕೂದಲು. ಟೇಲರಿಗೆ ತುಟಿ ಯಾಕೆ? ಆದರೆ ಉಳಿದ ಐದರಲ್ಲಿ ಒಂದು ಮಾತು ಸಿಕ್ಕಿತು, ಕೊಟ್ಟ ಫೀಸು ಅದಕ್ಕೇ ಎಂದುಕೊಂಡಿದ್ದೇನೆ: ಬ್ಯಾಲೆನ್ಸ್ ಲೈನ್. ಕೊರಳ ಗುಣಿಯಿಂದ ನೆಲಕ್ಕೆ ನೇರ ಗೆರೆ ಇಳಿಸಿದರೆ ಅದು ಭಾರ ಹೊತ್ತ ಪಾದದ ಹತ್ತಿರ ಬೀಳಬೇಕು. ಇಲ್ಲದಿದ್ದರೆ ಚಿತ್ರದ ಹುಡುಗಿ ಬೀಳುತ್ತಾಳೆ.

ಓದಿದಾಗ ಅರ್ಥವಾಗಲಿಲ್ಲ. ಒಂದು ದಿನ ಅಂಗಡಿ ಮುಚ್ಚಿದ ಮೇಲೆ ದಾರಕ್ಕೆ ಬಾಬಿನ್ ಕಟ್ಟಿ, ತುದಿಯನ್ನು ಕೊರಳ ಗುಣಿಗೆ ಒತ್ತಿ ಹಿಡಿದು ಟ್ರಯಲ್ ರೂಮಿನ ಕನ್ನಡಿ ಮುಂದೆ ನಿಂತೆ. ಎರಡೂ ಕಾಲ ಮೇಲೆ ಸಮ ನಿಂತರೆ ಬಾಬಿನ್ ಎರಡು ಪಾದದ ನಟ್ಟನಡುವೆ. ಎಡಗಾಲಿಗೆ ಭಾರ ಬಿಟ್ಟೆ. ಬಾಬಿನ್ ತೂಗಾಡುತ್ತ ಹೋಗಿ ಎಡ ಹಿಮ್ಮಡದ ಮಗ್ಗುಲಿಗೆ ನಿಂತಿತು. ಕನ್ನಡಿಯಲ್ಲಿ ನೋಡುತ್ತೇನೆ, ಎಡ ಸೊಂಟ ಮೇಲೆದ್ದಿದೆ, ಎಡ ಹೆಗಲು ಕೆಳಗಿಳಿದಿದೆ. ಸೀರೆಯ ಸುಕ್ಕುಗಳೆಲ್ಲ ಆ ಎದ್ದ ಸೊಂಟದಿಂದಲೇ ಓರೆಯಾಗಿ ಆಚೆ ಮೊಣಕಾಲಿನತ್ತ ಹೊರಟಿವೆ. ಹದಿನಾಲ್ಕು ವರ್ಷ ಟ್ರಯಲ್ ನೋಡಿದವಳು ನಾನು, 'ಒಂದು ಕಡೆ ಏರಿದೆ, ನೆಟ್ಟಗೆ ನಿಲ್ಲಮ್ಮಾ' ಅಂತ ಸಾವಿರ ಸಲ ಹೇಳಿದವಳು. ಅದೇ ಏರಿಕೆ ಚಿತ್ರದ ಜೀವ ಅಂತ ಅವತ್ತು ಗೊತ್ತಾಯಿತು.

ಅಲ್ಲಿಂದ ಬಸ್ ಸ್ಟಾಪಿನಲ್ಲಿ ನಿಂತವರನ್ನು ಬರೆಯತೊಡಗಿದೆ. ಮೊದಲು ಕೊರಳಿಂದ ದಾರದ ಗೆರೆ, ಆಮೇಲೆ ಹೆಗಲಿಗೊಂದು ಓರೆ ಗೆರೆ, ಸೊಂಟಕ್ಕೆ ಅದರ ವಿರುದ್ಧ ಓರೆ, ಕಡೆಗೆ ಕೈಕಾಲು. ಬಸ್ಸು ಬರುವುದರೊಳಗೆ ಮುಗಿಯಬೇಕು. ನೂರಕ್ಕೆ ಎಂಬತ್ತು ಕೆಟ್ಟವು. ಟೆಂಪ್ಲೇಟ್ ಒಂದೂವರೆ ವರ್ಷ ಕೊಡದ್ದನ್ನು ಉಳಿದ ಇಪ್ಪತ್ತು ಕೊಟ್ಟವು. ಟೆಂಪ್ಲೇಟಿನ ದೊಡ್ಡ ಕೊರತೆಯೇ ಅದು: ಮೈಯ ಸುತ್ತ ಬೇಲಿ ಹಾಕಿ ಕೊಡುತ್ತದೆ, ಒಳಗಿನ ಭಾರ ತೋರಿಸುವುದಿಲ್ಲ. 1947ರ ಹೊತ್ತಿಗೆ ಪ್ಯಾರಿಸಿನ ಫ್ಯಾಷನ್ ಕಂಪನಿ ಡಿಯೋರ್‌ನ ಜಾಹೀರಾತುಗಳಿಗೆ ಚಿತ್ರಕಾರ ರೆನೆ ಗ್ರುವೋ ಬರೆದ ಚಿತ್ರಗಳನ್ನು ಹುಡುಕಿ ನೋಡಿ. ಅರ್ಧ ಗೆರೆ ಎಳೆಯದೇ ಬಿಟ್ಟಿದ್ದಾನೆ ಪುಣ್ಯಾತ್ಮ, ಆದರೂ ಎಲ್ಲ ಕಾಣುತ್ತದೆ.

ಜೊತೆಗೆ ಕೊಂಡ ಬೇರೆ ಸಾಮಾನುಗಳ ಬಗ್ಗೆ ಎರಡು ಮಾತು. ತಿಳಿ ಬಣ್ಣದಲ್ಲಿ ಆಕೃತಿ ಅಚ್ಚಾದ ಕ್ರೋಕಿ ಪುಸ್ತಕ ಕೊಳ್ಳಬೇಡಿ, ಒಂದೇ ಭಂಗಿ, ತೆಳು ಕಾಗದ, ವಾಟರ್ ಕಲರ್ ತಾಗಿದರೆ ಹಪ್ಪಳದಂತೆ ಏಳುತ್ತದೆ. ಎ4 ಎಲ್‌ಇಡಿ ಲೈಟ್ ಪ್ಯಾಡ್ ಮಾತ್ರ ಕಣ್ಣು ಮುಚ್ಚಿ ಕೊಳ್ಳಿ. ಮೊಬೈಲ್ ಚಾರ್ಜರಿಗೇ ಓಡುತ್ತದೆ, ಒಂದೇ ಆಕೃತಿಯ ಮೇಲೆ ಹತ್ತು ನೆಕ್ ಡಿಸೈನ್ ಇಳಿಸಬಹುದು. ದಪ್ಪ ಡ್ರಾಯಿಂಗ್ ಶೀಟಿನಡಿ ಅದರ ಬೆಳಕು ಸಾಲದು, ಜೆರಾಕ್ಸ್ ಹಾಳೆಗೆ ಚೆನ್ನ.

ಟೆಂಪ್ಲೇಟಿಗೆ ನನ್ನ ಅಂಕ ಐದಕ್ಕೆ ಎರಡೂವರೆ. ಫ್ಯಾಷನ್ ಕಾಲೇಜಿನ ಪೋರ್ಟ್‌ಫೋಲಿಯೊಗೆ ಒಂಬತ್ತು ತಲೆಯೇ ಬೇಕೆನ್ನುವ ಮಕ್ಕಳು ಕೊಳ್ಳಲಿ. ಆದರೆ ಎ4 ಹಾಳೆಯಲ್ಲಿ ಮೂರು ಸೆಂಟಿಮೀಟರಿಗೊಂದರಂತೆ ಒಂಬತ್ತು ಮನೆ ಹಾಕಿದರೆ 27 ಸೆಂಟಿಮೀಟರ್, ಮೇಲೆ ಕೆಳಗೆ ಅಂಚೂ ಉಳಿಯುತ್ತದೆ. ಸ್ಕೇಲ್ ಇದ್ದರೆ ಸಾಕು.

ಗಿರಾಕಿಗೆ ತೋರಿಸಲು ಈಗ ನಾನೇ ಕತ್ತರಿಸಿಕೊಂಡ ಟೆಂಪ್ಲೇಟ್ ಇದೆ, ಏಳೂವರೆ ತಲೆಯದು, ಸೊಂಟ ಸ್ವಲ್ಪ ಅಗಲ. ಪ್ಲಾಸ್ಟಿಕ್ಕಿಗೆ ಅಂತ ಮನೆಯಲ್ಲಿ ಬಿದ್ದಿದ್ದ ಹಳೆ ಎಕ್ಸ್‌ರೇ ಫಿಲ್ಮ್ ತಂದಿದ್ದೆ. ಬೆಳಕಿಗೆ ಹಿಡಿದರೆ ಹುಡುಗಿಯ ಹೊಟ್ಟೆಯ ಮೇಲೆ ನಮ್ಮ ಅತ್ತೆಯ ಮೊಣಕಾಲು ಕಾಣುತ್ತದೆ.