ಹಬ್ ಮೋಟರ್ ಹಾಲ್ ಟೆಸ್ಟರ್: ದೀಪ ಹೇಳುವುದೆಷ್ಟು, ಮೀಟರ್ ಹೇಳಬೇಕಾದ್ದೆಷ್ಟು

ಎಲೆಕ್ಟ್ರಿಕ್ ಸೈಕಲ್ ರಿಪೇರಿಗೆಂದು ಮಾರುವ, 9 ವೋಲ್ಟ್ ಬ್ಯಾಟರಿಯ ಪುಟ್ಟ ಟೆಸ್ಟರ್ ಡಬ್ಬಿಯ ಬಗ್ಗೆ ಈ ವಿಮರ್ಶೆ. ಹಬ್ ಮೋಟರ್ ಎಂದರೆ ಗಾಲಿಯ ನಡುವೆಯೇ ಕೂತಿರುವ ಮೋಟರ್. ಅದರೊಳಗಿನ ಮೂರು ಹಾಲ್ ಸೆನ್ಸರ್‌ಗಳು ಆಯಸ್ಕಾಂತಗಳು ಎಲ್ಲಿವೆ ಎಂದು ಕಂಟ್ರೋಲರ್‌ಗೆ (ಮೋಟರನ್ನು ನಡೆಸುವ ಸರ್ಕ್ಯೂಟ್) ತಿಳಿಸುತ್ತವೆ. ಐದು ವೈರಿನ ಹಾಲ್ ಕನೆಕ್ಟರ್, ಫೇಸ್ ವೈರ್‌ಗಳಿಗೆ (ಮೋಟರಿಗೆ ವಿದ್ಯುತ್ ಒಯ್ಯುವ ಮೂರು ವೈರ್) ಮೂರು ಕ್ಲಿಪ್, ಒಂದಿಷ್ಟು ಎಲ್‌ಇಡಿ, ಇಷ್ಟೇ ಅದರ ಸರಂಜಾಮು. ವರ್ಷಗಟ್ಟಲೆ ಬಳಸಿದ ಮೇಲಿನ ಅಭಿಪ್ರಾಯ ಇದು: ಹಾಲ್ ಸಿಗ್ನಲ್ ಬರುತ್ತಿದೆಯೇ ಎಂಬುದನ್ನು ಎರಡೇ ನಿಮಿಷದಲ್ಲಿ ಹೇಳುತ್ತದೆ. ಬಾರದಿದ್ದರೆ ಏಕೆ ಬರುತ್ತಿಲ್ಲ ಎಂದು ಹೇಳುವ ಶಕ್ತಿ ಅದಕ್ಕಿಲ್ಲ.

ಬಳಸುವ ಕ್ರಮ ಸುಲಭ. ಬ್ಯಾಟರಿ ತೆಗೆದು, ಮೋಟರಿನ ಹಾಲ್ ಮತ್ತು ಫೇಸ್ ವೈರ್ ಎರಡನ್ನೂ ಕಂಟ್ರೋಲರ್‌ನಿಂದ ಬಿಡಿಸಿ. ಹಾಲ್ ಕನೆಕ್ಟರನ್ನು ಡಬ್ಬಿಗೆ ಸಿಕ್ಕಿಸಿ ಗಾಲಿಯನ್ನು ನಿಧಾನಕ್ಕೆ ತಿರುಗಿಸಿ. ಗೇರ್ ಇರುವ ಹಬ್ ಆದರೆ ಹಿಂದಕ್ಕೇ ತಿರುಗಿಸಬೇಕು. ಮುಂದಕ್ಕೆ ತಿರುಗಿಸಿದರೆ ಒಳಗಿನ ಕ್ಲಚ್ ಬಿಟ್ಟುಕೊಂಡು ರೋಟರ್ (ಮೋಟರಿನ ತಿರುಗುವ ಭಾಗ) ಅಲುಗುವುದೇ ಇಲ್ಲ. ಆಗ ದೀಪಗಳೂ ಬದಲಾಗುವುದಿಲ್ಲ, ಚೆನ್ನಾಗಿರುವ ಮೋಟರಿಗೆ ಕೆಟ್ಟ ಹೆಸರು ಬರುತ್ತದೆ. ಮೂರು ಸೆನ್ಸರ್‌ಗಳ ಸಿಗ್ನಲ್ 120 ಡಿಗ್ರಿ ಅಂತರದಲ್ಲಿ ಬರುವಂತೆ ಜೋಡಿಸಿದ ಮೋಟರಿನಲ್ಲಿ, ಸೆನ್ಸರಿಗೊಂದರಂತಿರುವ ಮೂರೂ ದೀಪ ಒಟ್ಟಿಗೆ ಹೊತ್ತಿರುವುದಾಗಲಿ, ಒಟ್ಟಿಗೆ ಆರಿರುವುದಾಗಲಿ ಆಗಬಾರದು. ಆರು ಸರಿಯಾದ ಸ್ಥಿತಿಗಳಷ್ಟೇ ಸರದಿಯಲ್ಲಿ ಬರಬೇಕು. ಒಂದು ದೀಪ ಜಪ್ಪಯ್ಯ ಅಂದರೂ ಬದಲಾಗದಿದ್ದರೆ ದೋಷ ಆ ಸಾಲಿನಲ್ಲಿದೆ.

ಮೂರೂ ಸತ್ತಂತೆ ಕಂಡರೆ ಮಾತ್ರ ಮೋಟರ್ ಬಿಚ್ಚಲು ಹೊರಡಬೇಡಿ. ಮೊದಲ ಅನುಮಾನ ಡಬ್ಬಿಯ ಬ್ಯಾಟರಿಯ ಮೇಲೆ. ಹಬ್ ಮೋಟರುಗಳಲ್ಲಿ ಸಾಮಾನ್ಯವಾದ ಎಸ್‌ಎಸ್41 ಮಾದರಿಯ ಸೆನ್ಸರಿಗೆ ಕನಿಷ್ಠ 4.5 ವೋಲ್ಟ್ ಬೇಕು. ಬ್ಯಾಟರಿ ಇಳಿದಾಗ ಎಲ್‌ಇಡಿ ಮಂಕಾಗಿಯಾದರೂ ಹೊತ್ತುತ್ತದೆ, ಸೆನ್ಸರ್ ಮಾತ್ರ ಸುಮ್ಮನಿರುತ್ತದೆ. ಈ ಡಬ್ಬಿಯ ದೊಡ್ಡ ಕೊರತೆ ಇದೇ: ಬ್ಯಾಟರಿ ಸಾಲುತ್ತಿಲ್ಲ ಎಂಬ ಸೂಚನೆಯೇ ಇಲ್ಲ.

ಇನ್ನೊಂದು ಮಿತಿ ಹೆಚ್ಚು ಮೋಸದ್ದು. ಡಬ್ಬಿ ಕಂಟ್ರೋಲರಿನ ಜಾಗದಲ್ಲಿ ಕೂರುವುದರಿಂದ ಕಂಟ್ರೋಲರ್ ಕಡೆಯ ಹಿಂದೆ ಸರಿದ ಪಿನ್, ಹಸಿರುಗಟ್ಟಿದ ಟರ್ಮಿನಲ್, ಸೆನ್ಸರ್‌ಗೆ ಬಾರದ 5 ವೋಲ್ಟ್ ಯಾವುದೂ ಅದಕ್ಕೆ ಕಾಣುವುದಿಲ್ಲ. ಇಲ್ಲಿ ದೀಪ ಸರಿಯಾಗಿ ಮಿನುಗಿ, ಸೈಕಲ್ ಮಾತ್ರ ಹೊರಡುವಾಗ ಗರಗರ ಎಂದು ನಡುಗಿದರೆ ಮಲ್ಟಿಮೀಟರ್ ತೆಗೆಯುವ ಹೊತ್ತು ಬಂತೆಂದು ತಿಳಿಯಿರಿ. ಎಲ್ಲವನ್ನೂ ಮರಳಿ ಜೋಡಿಸಿ, ಸೈಕಲ್ ಆನ್ ಮಾಡಿ, ಡಿಸಿ ವೋಲ್ಟಿನಲ್ಲಿ ಕಪ್ಪು ಪ್ರೋಬನ್ನು ಹಾಲ್‌ನ ಕಪ್ಪು ವೈರಿಗೆ, ಕೆಂಪನ್ನು ಕನೆಕ್ಟರಿನ ಹಿಂಬದಿಯಿಂದ ಒಂದೊಂದೇ ವೈರಿಗೆ ತಾಗಿಸಿ. ಕೆಂಪು ವೈರಿನಲ್ಲಿ ಸುಮಾರು 5 ವೋಲ್ಟ್ ಇರಬೇಕು. ಇಲ್ಲದಿದ್ದರೆ ಥ್ರಾಟಲ್ ಬಿಡಿಸಿ ನೋಡಿ. ಅದೇ 5 ವೋಲ್ಟ್ ಅದಕ್ಕೂ ಹೋಗುತ್ತದೆ, ಅಲ್ಲಿ ಶಾರ್ಟ್ ಆದರೆ ಹಾಲ್‌ಗಳೂ ಮಲಗುತ್ತವೆ.

ಹಳದಿ, ಹಸಿರು, ನೀಲಿ ವೈರ್‌ಗಳಲ್ಲಿ ಗಾಲಿ ತಿರುಗಿದಂತೆ ಸೊನ್ನೆಯ ಹತ್ತಿರಕ್ಕೂ 5ರ ಹತ್ತಿರಕ್ಕೂ ಬದಲಾಗಬೇಕು. ಬೇಗ ತಿರುಗಿಸಿದರೆ ಮೀಟರ್ ಸರಾಸರಿಯನ್ನೇ ತೋರಿಸುವುದರಿಂದ ಬೆರಳಲ್ಲಿ ಇಂಚಿಂಚೇ ಸರಿಸಿ. ಸಾಲೊಂದು ಸದಾ 5ರಲ್ಲಿ ನಿಂತರೆ ವೈರ್ ತುಂಡಾಗಿರಬಹುದು ಅಥವಾ ಸೆನ್ಸರ್ ಸತ್ತಿರಬಹುದು. ಸಾಲನ್ನು 5 ವೋಲ್ಟಿನ ಕಡೆಗೆ ಎಳೆದಿಡುವ ಕಂಟ್ರೋಲರಿನ ಪುಲ್‌ಅಪ್ ರೆಸಿಸ್ಟರ್ ಅದನ್ನು ಅಲ್ಲೇ ಹಿಡಿದಿರುತ್ತದೆ. ಸದಾ ಸೊನ್ನೆಯಾದರೆ ಹಾಲ್ ಕನೆಕ್ಟರ್ ಬಿಡಿಸಿ ಕಂಟ್ರೋಲರ್ ಪಿನ್ನನ್ನೇ ಅಳೆಯಿರಿ: ಅಲ್ಲಿ 5 ಬಂದರೆ ಶಾರ್ಟ್ ಮೋಟರ್ ಕಡೆ, ಬರದಿದ್ದರೆ ಕಂಟ್ರೋಲರೇ ಅಪರಾಧಿ.

ಬಿಟ್ಟು ಬಿಟ್ಟು ಬರುವ ದೋಷಕ್ಕೆ ಡಬ್ಬಿ ಮತ್ತೆ ಉಪಯೋಗಕ್ಕೆ ಬರುತ್ತದೆ. ಆಕ್ಸಲ್‌ನಿಂದ ಕೇಬಲ್ ಹೊರಬರುವ ಜಾಗವನ್ನು ಬಗ್ಗಿಸುತ್ತ ದೀಪ ನೋಡಿ. ನಟ್ಟು ಸಡಿಲಾಗಿ ಆಕ್ಸಲ್ ತಿರುಗಿದ ಸೈಕಲ್‌ಗಳಲ್ಲಿ ಕೇಬಲ್ ಹರಿಯುವುದು ಇಲ್ಲೇ. ಇಲ್ಲಿ ಫೇಸ್ ವೈರಿನ ಇನ್ಸುಲೇಶನ್ ಕರಗಿ ಹಾಲ್ ವೈರಿಗೆ ತಾಗಿದರೆ ಬ್ಯಾಟರಿಯ ಪೂರ್ಣ ವೋಲ್ಟೇಜ್ ಒಳನುಗ್ಗಿ ಮೂರೂ ಸೆನ್ಸರ್, ಜೊತೆಗೆ ಕಂಟ್ರೋಲರಿನ 5 ವೋಲ್ಟ್ ಸರ್ಕ್ಯೂಟ್ ಸುಡಬಹುದು. ಆದ್ದರಿಂದ ಹೊಸ ಸೆನ್ಸರ್ ಹಾಕುವ ಮೊದಲು ಫೇಸ್ ಮತ್ತು ಹಾಲ್ ವೈರ್‌ಗಳ ನಡುವೆ ರೆಸಿಸ್ಟೆನ್ಸ್ ಅಳೆಯಿರಿ. ಮೀಟರ್ ಓಪನ್, ಅಂದರೆ ಸಂಪರ್ಕವೇ ಇಲ್ಲ ಎಂದು ತೋರಿಸಬೇಕು.

ಸೆನ್ಸರ್ ಬದಲಿಸುವುದಾದರೆ ಮೂರನ್ನೂ ಒಟ್ಟಿಗೆ ಬದಲಿಸಿ, ಸ್ಟೇಟರ್ (ಸುರುಳಿಗಳಿರುವ, ತಿರುಗದ ಭಾಗ) ಹೊರಗೆ ತೆಗೆಯುವ ಶ್ರಮವೇ ದೊಡ್ಡದು. ಬೇಕಾದದ್ದು ಬೈಪೋಲಾರ್ ಲ್ಯಾಚಿಂಗ್ ಜಾತಿ, ಅಂದರೆ ಒಂದು ಧ್ರುವಕ್ಕೆ ಆನ್ ಆಗಿ ಇನ್ನೊಂದು ಧ್ರುವ ಬರುವವರೆಗೂ ಹಾಗೇ ಇರುವಂಥದ್ದು. ಒಂದೇ ಧ್ರುವಕ್ಕೆ ಸ್ಪಂದಿಸುವ ಯೂನಿಪೋಲಾರ್ ಹಾಕಿದರೆ ಉತ್ತರ, ದಕ್ಷಿಣ ಧ್ರುವಗಳ ಸರದಿ ತಪ್ಪುತ್ತದೆ. ಹಳೆಯದರ ಅಕ್ಷರವಿರುವ ಮುಖ ಯಾವ ಕಡೆ ಇತ್ತೆಂದು ಫೋಟೊ ತೆಗೆದುಕೊಳ್ಳಿ, ಮಗುಚಿ ಕೂರಿಸಿದರೆ ಸಿಗ್ನಲ್ ತಲೆಕೆಳಗಾಗುತ್ತದೆ. ಕಾಲುಗಳಿಗೆ ಬೇರೆ ಬೇರೆ ಸ್ಲೀವ್ ಹಾಕಿ, ಬೆಸುಗೆಯನ್ನು ಎರಡು ಮೂರು ಸೆಕೆಂಡಿನಲ್ಲಿ ಮುಗಿಸಿ, ಬಿಸಿ ತಡೆಯುವ ಎಪಾಕ್ಸಿಯಿಂದ ಕೂರಿಸಿ. ಹಾಟ್ ಗ್ಲೂ ಬೇಡವೇ ಬೇಡ, ಮೊದಲ ಏರುದಾರಿಯಲ್ಲೇ ಕರಗಿ ಸೆನ್ಸರ್ ಜಾರುತ್ತದೆ. ಕವರ್ ಮುಚ್ಚುವ ಮೊದಲು ಮತ್ತೊಮ್ಮೆ ಡಬ್ಬಿ ಸಿಕ್ಕಿಸಿ ಆರೂ ಸ್ಥಿತಿ ನೋಡಿಕೊಳ್ಳಿ. ಈ ಒಂದು ಪರೀಕ್ಷೆಗಾದರೂ ಅದು ಇಟ್ಟುಕೊಳ್ಳುವಂಥದ್ದು.