ಹೆಚ್ಚುವರಿ ಪಲ್ಸ್ ಎಣಿಕೆ: ಪುಲ್‌ಅಪ್, ಆರ್‌ಸಿ, ಸ್ಮಿಟ್ ಟ್ರಿಗರ್, ಡಿಜಿಟಲ್ ಫಿಲ್ಟರ್ ಹೋಲಿಕೆ

60 ಹಲ್ಲಿನ ಗೇರ್, ಅದರೆದುರು ಎನ್‌ಪಿಎನ್ ಓಪನ್ ಕಲೆಕ್ಟರ್ ಪ್ರಾಕ್ಸಿಮಿಟಿ ಸೆನ್ಸರ್ (ಹಲ್ಲನ್ನು ಗುರುತಿಸುತ್ತದೆ; ಸಿಗ್ನಲನ್ನು ಕೆಳಗೆ ಎಳೆಯಬಲ್ಲದು, ತಾನಾಗಿ ಮೇಲೆತ್ತಲಾರದು), 12 ಮೀಟರ್ ಶೀಲ್ಡ್ ಕೇಬಲ್, ಕೊನೆಗೆ ಡಿಎಕ್ಯೂ (ಸಿಗ್ನಲ್‌ಗಳನ್ನು ಅಳೆದು ಕಂಪ್ಯೂಟರಿಗೆ ಕೊಡುವ) ಬೋರ್ಡಿನ ಕೌಂಟರ್. ಶಾಫ್ಟಿಗೆ ಸೀಮೆಸುಣ್ಣದ ಗುರುತು ಹಾಕಿ ಕೈಯಿಂದ 10 ಸುತ್ತು ತಿರುಗಿಸಿದರೆ 600 ಬರಬೇಕು. ಬಂತು. ಪಕ್ಕದ ಮೋಟರಿನ ಡ್ರೈವ್ (ಅದನ್ನು ಓಡಿಸುವ ಎಲೆಕ್ಟ್ರಾನಿಕ್ ನಿಯಂತ್ರಕ) ಆನ್ ಮಾಡಿ ಮತ್ತೆ ತಿರುಗಿಸಿದೆ: 741.

ಆಸಿಲೋಸ್ಕೋಪ್ ಹಚ್ಚಿದಾಗ ಕಾರಣ ಕಂಡಿತು. ಪಲ್ಸ್ ಇಳಿಯುವಾಗ ಗೋಡೆಯಂತೆ ನೇರ, ಏರುವಾಗ ಜಾರುಬಂಡೆಯಂತೆ ಓರೆ. ಬೋರ್ಡಿನೊಳಗಿನ ಪುಲ್‌ಅಪ್, ಅಂದರೆ ಸಿಗ್ನಲನ್ನು ಮೇಲೆತ್ತುವ ರೆಸಿಸ್ಟರ್, 47 ಕಿಲೋಓಮ್. ಕೇಬಲ್ಲಿನ ಕೆಪಾಸಿಟನ್ಸ್ ಪ್ರತಿ ಮೀಟರ್ ಉದ್ದಕ್ಕೆ ಸುಮಾರು 100 ಪಿಕೋಫ್ಯಾರಡ್. ಎರಡೂ ಸೇರಿ 56 ಮೈಕ್ರೋಸೆಕೆಂಡಿನ ಆರ್‌ಸಿ (ರೆಸಿಸ್ಟನ್ಸ್, ಕೆಪಾಸಿಟನ್ಸ್‌ಗಳ ಗುಣಲಬ್ಧ; ಹೆಚ್ಚಿದ್ದಷ್ಟೂ ಏರಿಕೆ ನಿಧಾನ). ಕೌಂಟರಿನ ಟಿಟಿಎಲ್ (5 ವೋಲ್ಟಿನ ಡಿಜಿಟಲ್) ಇನ್‌ಪುಟ್‌ಗೆ 0.8 ವೋಲ್ಟ್ ಕೆಳಗೆ ಸೊನ್ನೆ, 2.0 ಮೇಲೆ ಒಂದು. ನಡುವಿನದು ಅನುಮಾನದ ಜಾಗ. ಅಲ್ಲಿ ಸಿಗ್ನಲ್ ಸುಮಾರು 19 ಮೈಕ್ರೋಸೆಕೆಂಡ್ ತೆವಳುತ್ತಿತ್ತು. ಆ ಹೊತ್ತಿಗೆ ಡ್ರೈವಿನ ನಾಯ್ಸ್ ಬಡಿದರೆ ಒಂದು ಹಲ್ಲು ಎರಡಾಗುತ್ತದೆ.

ಫಾಲಿಂಗ್ ಎಡ್ಜ್ (ಪಲ್ಸ್ ಇಳಿಯುವ ಅಂಚು) ಎಣಿಸಿದರೆ ಸಾಕೆಂದು ಮೊದಲು ಅದನ್ನೇ ಮಾಡಿದೆ. ಏನೂ ಬದಲಾಗಲಿಲ್ಲ. ಏರುವ ದಾರಿಯಲ್ಲಿ ನಾಯ್ಸ್ ಒಮ್ಮೆ ಕುಸಿಸಿದರೂ ಅಲ್ಲೊಂದು ಫಾಲಿಂಗ್ ಎಡ್ಜ್ ಇದ್ದೇ ಇರುತ್ತದೆ.

ಆಮೇಲೆ 5 ವೋಲ್ಟ್‌ಗೆ 2.2 ಕಿಲೋಓಮ್ ಪುಲ್‌ಅಪ್ ಹಾಕಿದೆ. ಅನುಮಾನದ ಜಾಗ ದಾಟಲು ಈಗ ಹೆಚ್ಚುಕಡಿಮೆ 1 ಮೈಕ್ರೋಸೆಕೆಂಡ್, ಎಣಿಕೆ 604. ಒಂದು ರೆಸಿಸ್ಟರ್ ಇಷ್ಟು ಕೆಲಸ ಮಾಡಿದ್ದು ನೋಡಿ ನನಗೆ ನಿಜಕ್ಕೂ ಖುಷಿಯಾಯಿತು. ಸೆನ್ಸರಿಗೆ 24 ವೋಲ್ಟ್ ಕೊಟ್ಟಿದ್ದೀರೆಂದು ಪುಲ್‌ಅಪ್ಪನ್ನೂ ಅದಕ್ಕೇ ಕಟ್ಟಬೇಡಿ, 5 ವೋಲ್ಟಿನ ಇನ್‌ಪುಟ್ ಸುಟ್ಟುಹೋಗುತ್ತದೆ.

ಉಳಿದ ನಾಲ್ಕನ್ನು ತೆಗೆಯಲು ಪುಲ್‌ಅಪ್ ಹಾಗೇ ಇಟ್ಟು 10 ಕಿಲೋಓಮ್, 10 ನ್ಯಾನೋಫ್ಯಾರಡ್ ಆರ್‌ಸಿ ಫಿಲ್ಟರ್ ಸೇರಿಸಿದೆ. ಎಲ್ಲರೂ ಮೊದಲು ಹೇಳುವ ಮದ್ದು ಇದೇ. ಎಣಿಕೆ 617ಕ್ಕೆ ಏರಿತು! ನಾಯ್ಸ್ ತಗ್ಗಿತ್ತು, ಆದರೆ ಓರೆ ಮರಳಿ ಬಂದಿತ್ತು: ಅನುಮಾನದ ಜಾಗದಲ್ಲಿ 40 ಮೈಕ್ರೋಸೆಕೆಂಡ್, ಮೊದಲಿಗಿಂತ ಇಮ್ಮಡಿ. ಆರ್‌ಸಿಗೂ ಕೌಂಟರಿಗೂ ನಡುವೆ 74ಎಚ್‌ಸಿ14 ಸ್ಮಿಟ್ ಟ್ರಿಗರ್ (ಏರುವಾಗ ಒಂದು ಮಟ್ಟದಲ್ಲಿ, ಇಳಿಯುವಾಗ ಅದಕ್ಕಿಂತ ಕೆಳಗಿನ ಮಟ್ಟದಲ್ಲಿ ಬದಲಾಗುವ ಗೇಟ್‌ಗಳ ಚಿಪ್) ಕೂರಿಸಿದ ಕೂಡಲೇ 600. ಅದು ಸಿಗ್ನಲನ್ನು ತಲೆಕೆಳಗು ಮಾಡುತ್ತದೆ. ಎರಡು ಗೇಟ್ ಸಾಲಾಗಿ ಕಟ್ಟಿ ಅಥವಾ ಎಣಿಸುವ ಎಡ್ಜ್ ಬದಲಿಸಿ. ಬಳಸದ ಗೇಟ್‌ಗಳ ಇನ್‌ಪುಟ್ ಗ್ರೌಂಡ್ ಮಾಡಿ.

ಕೊನೆಗೆ ಅದನ್ನೆಲ್ಲ ಬಿಚ್ಚಿ ಪುಲ್‌ಅಪ್ ಒಂದನ್ನೇ ಉಳಿಸಿ, ಬೋರ್ಡಿನದೇ ಡಿಜಿಟಲ್ ಫಿಲ್ಟರ್ ಆನ್ ಮಾಡಿದೆ. ಇದು ನಿಗದಿತ ಹೊತ್ತು ಕದಲದೆ ನಿಂತ ಪಲ್ಸನ್ನು ಮಾತ್ರ ಒಪ್ಪುತ್ತದೆ. ಹೆಚ್ಚಿದ್ದಷ್ಟೂ ಭದ್ರವೆಂದು 500 ಮೈಕ್ರೋಸೆಕೆಂಡ್ ಇಟ್ಟೆ, ಕೈಯಲ್ಲಿ ತಿರುಗಿಸಿದಾಗ ಅಚ್ಚುಕಟ್ಟಾಗಿ 600. ಮೋಟರ್ ಓಡಿಸಿದಾಗ 300 ಆರ್‌ಪಿಎಂವರೆಗೆ ಸರಿ, 600ರ ಹತ್ತಿರ ಪಲ್ಸ್‌ಗಳು ಕಾಣೆಯಾಗತೊಡಗಿದವು, 900ಕ್ಕೆ ಎಣಿಕೆ ನಿಂತೇ ಹೋಯಿತು. ನನ್ನ ಗೇರಿನಲ್ಲಿ ಸಿಗ್ನಲ್ ಕೆಳಗಿರುವುದು ಆವರ್ತದ ಶೇ. 30 ಮಾತ್ರ. ಸುತ್ತಿಗೆ 60 ಹಲ್ಲು ಇರುವುದರಿಂದ 900 ಆರ್‌ಪಿಎಂ ಎಂದರೆ 900 ಹರ್ಟ್ಸ್, ಹಾಗಾಗಿ ಕೆಳಗಿನ ಭಾಗ ಬರೀ 333 ಮೈಕ್ರೋಸೆಕೆಂಡ್. ಆ 600 ಆರ್‌ಪಿಎಂ ಆಸುಪಾಸಿನ ತಪ್ಪು ನನಗೆ 741ಕ್ಕಿಂತ ಹೆಚ್ಚು ಭಯ ಹುಟ್ಟಿಸಿತು. ಎಣಿಕೆ ಹೆಚ್ಚಾದರೆ ಕಣ್ಣಿಗೆ ಹೊಡೆಯುತ್ತದೆ. ನಾಲ್ಕಾರು ಪಲ್ಸ್ ಕಡಿಮೆಯಾದರೆ ಮೋಟರೇ ನಿಧಾನವಾಗಿದೆ ಅನ್ನಿಸಿಬಿಡುತ್ತದೆ.

ಈಗ ಇರುವುದು 2.2 ಕಿಲೋಓಮ್ ಪುಲ್‌ಅಪ್, 50 ಮೈಕ್ರೋಸೆಕೆಂಡ್ ಫಿಲ್ಟರ್. ಬೋರ್ಡಿನಲ್ಲಿ ಫಿಲ್ಟರ್ ಇಲ್ಲದಿದ್ದರೆ ಆರ್‌ಸಿ ಜೊತೆಗೆ ಸ್ಮಿಟ್ ಟ್ರಿಗರ್ ಹಾಕುತ್ತಿದ್ದೆ. ಬರೀ ಆರ್‌ಸಿಯನ್ನು ಕೌಂಟರ್ ಮುಂದೆ ಇನ್ನು ಇಡುವುದಿಲ್ಲ. ಪಕ್ಕದ ಡ್ರೈವ್ ಓಡುತ್ತಿರುವಾಗಲೇ 10 ಸುತ್ತಿಗೆ 600, 900 ಆರ್‌ಪಿಎಂನಲ್ಲಿ ಸೆಕೆಂಡಿಗೆ 900.