ಓಲಿಯಿಕ್ ಆಸಿಡ್ಡೋ, ಹೈಡ್ರಾಕ್ಸಮೇಟೋ? ಮಡಿಕೇರಿ ಚಳಿಯಲ್ಲಿ ನೋಡಿದ್ದು

ಪುಡಿ ಮಾಡಿದ ಕಲ್ಲಿನಿಂದ ಬೇಕಾದ ಖನಿಜವನ್ನು ನೊರೆಯಲ್ಲಿ ತೇಲಿಸಿ ಬೇರ್ಪಡಿಸಲು ಹಾಕುವ ರಾಸಾಯನಿಕಗಳು ಇವೆರಡು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹೈಡ್ರಾಕ್ಸಮೇಟ್‌ಗೆ. ದುಬಾರಿ, ಆದರೂ ಅದಕ್ಕೇ.

ಲ್ಯಾಬಿನಲ್ಲಿ ನಮಗೆ ಸಿಕ್ಕಿದ್ದು ಗುಜರಾತಿನ ಅಂಬಾಡೊಂಗರ್ ಕಡೆಯ ಕಾರ್ಬೊನಟೈಟ್ (ಕಾರ್ಬೊನೇಟ್ ಖನಿಜಗಳೇ ತುಂಬಿದ ಅಗ್ನಿಶಿಲೆ) ಕಲ್ಲು. ಅದರಲ್ಲಿ ರೇರ್ ಅರ್ಥ್ (ಸೀರಿಯಂ, ಲ್ಯಾಂಥನಮ್‌ನಂಥ ಲೋಹಗಳು) ಇರುವ ಬಾಸ್ಟ್ನಸೈಟ್ ಖನಿಜ ಸ್ವಲ್ಪ, ನಮಗೆ ಬೇಡದ ಕ್ಯಾಲ್ಸೈಟೇ (ಕ್ಯಾಲ್ಸಿಯಂ ಕಾರ್ಬೊನೇಟ್) ಜಾಸ್ತಿ. ಪುಡಿ ಮಾಡಿ, ನೀರಿಗೆ ಹಾಕಿ, ಗಾಳಿ ಊದಿ, ಬಾಸ್ಟ್ನಸೈಟನ್ನು ಮಾತ್ರ ನೊರೆಗೆ ಅಂಟಿಸಿ ಮೇಲೆತ್ತಬೇಕು. ಅಂಟಿಸುವುದು ಕಲೆಕ್ಟರ್ ಅನ್ನುವ ರಾಸಾಯನಿಕದ ಕೆಲಸ. ಓಲಿಯಿಕ್ ಆಸಿಡ್, ಹೈಡ್ರಾಕ್ಸಮೇಟ್ ಎರಡೂ ಕಲೆಕ್ಟರ್‌ಗಳೇ.

ಓಲಿಯಿಕ್ ಆಸಿಡ್ ಅಗ್ಗ, ಕ್ಯಾನುಗಟ್ಟಲೆ ಸಿಗುತ್ತದೆ. ಆದರೆ 13-14 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ಜನವರಿಯ ಬೆಳಿಗ್ಗೆ ಮಡಿಕೇರಿಯಲ್ಲಿ ಕ್ಯಾನ್ ಮುಚ್ಚಳ ತೆಗೆದರೆ ತಳದಲ್ಲಿ ಬೆಳ್ಳಗೆ ಗಟ್ಟಿ, ಮೇಲೆ ತೆಳು ಎಣ್ಣೆ. ಮೇಲಿನದ್ದನ್ನಷ್ಟೇ ಬಗ್ಗಿಸಿಕೊಂಡರೆ ಅಳತೆಗೆ ಅರ್ಥವೇ ಇಲ್ಲ. ಬಿಸಿನೀರಲ್ಲಿಟ್ಟು ಕರಗಿಸಿದರೆ ತಣ್ಣನೆಯ ಪಿಪೆಟ್ ಒಳಗೇ ಮತ್ತೆ ಕಟ್ಟಿಕೊಳ್ಳುತ್ತದೆ. ಕಾಸ್ಟಿಕ್ ಸೋಡಾ ಸೇರಿಸಿ ಗಟ್ಟಿ ಓಲಿಯೇಟ್ (ಸೋಪಿನಂಥ ದ್ರಾವಣ) ಮಾಡಿಟ್ಟರೆ ಬೆಳಗಾಗುವಷ್ಟರಲ್ಲಿ ಲೋಳೆ.

ಇಷ್ಟೆಲ್ಲಾ ಮಾಡಿದ ಮೇಲೆ ನೊರೆಯೇನೋ ಭರ್ಜರಿ. ಒಣಗಿಸಿ ಒಂದು ಹನಿ ಹೈಡ್ರೋಕ್ಲೋರಿಕ್ ಆಸಿಡ್ ಬಿಟ್ಟರೆ ಬುಸ್ ಅಂತ ಗುಳ್ಳೆ! ಅಂದರೆ ಕ್ಯಾಲ್ಸೈಟೂ ಮೇಲೆ ಬಂದಿದೆ. ಓಲಿಯೇಟ್‌ಗೆ ಕ್ಯಾಲ್ಸಿಯಂ ಕಂಡರೂ ಅಷ್ಟೇ ಪ್ರೀತಿ. ಕ್ಯಾಲಿಫೋರ್ನಿಯಾದ ಮೌಂಟನ್ ಪಾಸ್‌ನಲ್ಲಿ ಇದೇ ಜಾತಿಯ ಫ್ಯಾಟಿ ಆಸಿಡ್ ಬಳಸಿಯೇ ಸುಮಾರು 7% ರೇರ್ ಅರ್ಥ್ ಆಕ್ಸೈಡ್ ಇರುವ ಅದಿರನ್ನು 60% ಮಾಡುತ್ತಿದ್ದರು, ನಿಜ. ಆದರೆ ಅಲ್ಲಿ ಆವಿ ಹಾಯಿಸಿ ಕುದಿಯುವ ಮಟ್ಟಕ್ಕೆ ಕಾಯಿಸುತ್ತಿದ್ದರು, ಕ್ಯಾಲ್ಸೈಟ್ ಮತ್ತು ಬೆರೈಟ್ (ಬೇರಿಯಂ ಖನಿಜ) ನೊರೆಗೆ ಬರದಂತೆ ತಡೆಯಲು ಲಿಗ್ನಿನ್ ಸಲ್ಫೋನೇಟ್ ಬೇರೆ. ನಮ್ಮದು ಒಂದು ಹೀಟರ್, ಅದೂ ಕರೆಂಟ್ ಇದ್ದರೆ.

ಹೈಡ್ರಾಕ್ಸಮೇಟ್ ಪುಡಿ. ಚಳಿಗೆ ಅದಕ್ಕೇನೂ ಆಗುವುದಿಲ್ಲ. ನಾನು ತರಿಸಿದ್ದು ಕ್ಯಾಪ್ರಿಲ್‌ಹೈಡ್ರಾಕ್ಸಮಿಕ್ ಆಸಿಡ್. ಮುಖಕ್ಕೆ ಹಚ್ಚುವ ಕ್ರೀಮು ಕೆಡದಿರಲಿ ಅಂತ ಹಾಕುವುದೂ ಇದನ್ನೇ, ಹಾಗಾಗಿ ಕಾಸ್ಮೆಟಿಕ್ ಕಚ್ಚಾವಸ್ತು ಮಾರುವವರ ಹತ್ತಿರ ಚಿಕ್ಕ ಪ್ಯಾಕೆಟ್ ಸಿಗುತ್ತದೆ. ಕಾಸ್ಟಿಕ್ ಹಾಕಿದ ಬೆಚ್ಚನೆ ನೀರಲ್ಲಿ ಕರಗಿ ಹೈಡ್ರಾಕ್ಸಮೇಟ್ ಆಗುತ್ತದೆ. ಎರಡು ಆಕ್ಸಿಜನ್ ಕೈಗಳಿಂದ ರೇರ್ ಅರ್ಥ್ ಲೋಹವನ್ನು ಹಿಡಿಯುತ್ತದೆ, ಕ್ಯಾಲ್ಸಿಯಂ ಮೇಲೆ ಅಷ್ಟು ಆಸೆಯಿಲ್ಲ. ಸೋಡಾ ಆಶ್ ಹಾಕಿ ಪಿಎಚ್ 9ರ ಆಸುಪಾಸು ಇಟ್ಟರೆ ನೊರೆ ಕಡಿಮೆ, ಆಸಿಡ್ ಹನಿಗೆ ಬುಸ್ ಅನ್ನುವುದೂ ಕಡಿಮೆ.

ಕಬ್ಬಿಣದ ಅಂಶ ಇರುವ ನೀರು ಮಾತ್ರ ಬೇಡ. ಹೈಡ್ರಾಕ್ಸಮೇಟ್ ಕಬ್ಬಿಣಕ್ಕೂ ಅಂಟಿ ಖರ್ಚಾಗುತ್ತದೆ. ನಾವು ಮಳೆನೀರು ಹಿಡಿದಿಡುತ್ತೇವೆ, ಕೊಡಗಿನಲ್ಲಿ ಅದಕ್ಕೇನು ಬರ ಅಲ್ವಾ?

ಬೇಡದ ಖನಿಜಗಳನ್ನು ನೊರೆಗೆ ಬರದಂತೆ ತಡೆಯುವ ವಾಟರ್ ಗ್ಲಾಸ್ (ಸೋಡಿಯಂ ಸಿಲಿಕೇಟ್) ಎರಡಕ್ಕೂ ಬೇಕು, ಅದರಲ್ಲಿ ಸೋಲು ಗೆಲುವಿಲ್ಲ.

ಟನ್‌ಗಟ್ಟಲೆ ಕಲ್ಲು ಹಾಕುವವರು, ಬಾಯ್ಲರ್ ಇರುವವರು ಓಲಿಯಿಕ್ ಲೆಕ್ಕ ಹಾಕಿ ನೋಡಲಿ. ನಮ್ಮದು ಒಂದು ಸಲಕ್ಕೆ ಅರ್ಧ ಕಿಲೋ ಕಲ್ಲು. ಪ್ಯಾಕೆಟ್ಟಿನ ದುಡ್ಡು ಜಾಸ್ತಿಯಾದರೂ ಹೀಟರಿನ ಕರೆಂಟ್ ಬಿಲ್ಲು ಉಳಿಯುತ್ತದೆ.